ಕಂಬ ಬಿಟ್ಟು ತೆಗೆದ ಫೋಟೊ

ಸಾಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ಉಪನಯನ, ಗೃಹಪ್ರವೇಶ, ಪಾಸ್‌ಪೋರ್ಟ್ ಸೈಜು, ಹೊಟ್ಟೆ ತುಂಬಿಸೋದು ಇವೇ. ಹಳೇ ಮನೆಗಳನ್ನು ರಿಪೇರಿ ಮಾಡಿಸುವ ಆರ್ಕಿಟೆಕ್ಟ್ ಒಬ್ಬರು ಕೆಲವು ವರ್ಷಗಳ ಹಿಂದೆ ದಾಖಲೆಗೆ ಅಂತ ಫೋಟೊ ತೆಗೆಸಿದರು. ಬಯಲಲ್ಲಿ ಒಂಟಿಯಾಗಿ ನಿಂತ ಕಟ್ಟಡಗಳ ಫೋಟೊ ತೆಗೆಯುವ ಹುಚ್ಚು ಅಲ್ಲಿಂದ ಹಿಡಿದದ್ದು. ಒಂಟಿ ಮನೆ, ಒಂಟಿ ಗುಡಿ, ಬಾಗಿಲು ಹಾಕಿದ ಶಾಲೆ, ಮೀಟರ್‌ಗೇಜ್ ಕಾಲದ ರೈಲ್ವೆ ಕ್ವಾರ್ಟರ್ಸು, ಏನು ಕಂಡರೂ ಬೈಕ್ ನಿಲ್ಲಿಸುತ್ತೇನೆ.

ಮಲೆನಾಡಲ್ಲಿ ಬಯಲೆಲ್ಲಿಂದ ಬಂತು ಅಂತ ಬಯಲುಸೀಮೆಯ ಗೆಳೆಯರು ನಗುತ್ತಾರೆ. ನಿಜ, ಇಲ್ಲಿ ಒಂದು ಮನೆಯನ್ನು ಪೂರ್ತಿ ನೋಡೋಣ ಅಂತ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬೆನ್ನಿಗೆ ಅಡಿಕೆ ಮರ ತಾಗುತ್ತದೆ. ಆದರೂ ಕೊಯ್ಲು ಮುಗಿದ ಗದ್ದೆಬಯಲು ಇದೆ, ದನ ಮೇಯುವ ಬ್ಯಾಣ ಇದೆ. ಎಲ್ಲಕ್ಕಿಂತ ದೊಡ್ಡದು ಶರಾವತಿ ಹಿನ್ನೀರು. ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಏಪ್ರಿಲ್, ಮೇ ಹೊತ್ತಿಗೆ ನೀರು ಇಳಿದಂತೆಲ್ಲ ನೆಲ ಮೇಲೆ ಬರುತ್ತದೆ. ಮೊದಲು ಬಿರುಕು ಬಿಟ್ಟ ಕೆಸರು, ಆಮೇಲೆ ಅದರ ಮೇಲೇ ಹಸಿರು ಹುಲ್ಲು, ನಡುನಡುವೆ ಹಳೇ ಮರಗಳ ಕರಿ ಕುಂಟೆಗಳು, ಎಲ್ಲಿಗೂ ಹೋಗದ ಹಳೇ ರಸ್ತೆ. ನೀರು ತೀರಾ ತಗ್ಗಿದ ವರ್ಷ 1940ರ ದಶಕದಲ್ಲಿ ಕಟ್ಟಿದ ಮಡೆನೂರು ಅಣೆಕಟ್ಟೇ ಎದ್ದು ನಿಲ್ಲುತ್ತದೆ. ಒಂದು ಅಣೆಕಟ್ಟು ಇನ್ನೊಂದರ ನೀರಲ್ಲಿ ಮುಳುಗಿರೋದನ್ನು ನೋಡೋಕೆ ಜನ ಜೀಪು ಮಾಡಿಕೊಂಡು ಹೋಗುತ್ತಾರೆ.

ಬಯಲು ಕಂಡ ಕೂಡಲೇ ವೈಡ್ ಲೆನ್ಸ್ ಹಾಕೋದು ಎಲ್ಲರೂ ಮಾಡುವ ತಪ್ಪು. ನಾನೂ ಎರಡು ವರ್ಷ ಮಾಡಿದೆ. 16 ಎಂಎಂನಲ್ಲಿ ಹುಲ್ಲೆಲ್ಲ ಬರುತ್ತದೆ, ಆಕಾಶವೆಲ್ಲ ಬರುತ್ತದೆ, ಮನೆ ಮಾತ್ರ ಬೆಂಕಿಪೊಟ್ಟಣ, ಹಿಂದಿನ ಗುಡ್ಡ ಒಂದು ಗೆರೆ. ಬದಲಿಗೆ ಅರ್ಧ ಕಿಲೋಮೀಟರ್ ಹಿಂದೆ ನಡೆದು, ದೂರದ್ದನ್ನು ಹತ್ತಿರ ತರುವ 70-200 ಎಂಎಂ ಲೆನ್ಸ್ ಹಾಕಿ ನೋಡಿ. ಗುಡ್ಡ ಎದ್ದು ಬಂದು ಮನೆಯ ಬೆನ್ನಿಗೇ ನಿಲ್ಲುತ್ತದೆ. ಹತ್ತಿರದಿಂದ ತೆಗೆಯಲೇಬೇಕಾದರೆ ಕ್ಯಾಮೆರಾ ಮೇಲಕ್ಕೆ ಓರೆ ಮಾಡಬೇಡಿ, ಜಗಲಿ ಕಂಬಗಳೆಲ್ಲ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತವೆ. ಕ್ಯಾಮೆರಾ ಮಟ್ಟಸ ಇಟ್ಟು ಗದ್ದೆ ಬದುವೋ ಜೀಪಿನ ತಲೆಯೋ ಹತ್ತೋದು ಲೇಸು. ಇಕ್ಕೇರಿಯಂಥ ಪುರಾತತ್ವ ಇಲಾಖೆಯ ಜಾಗದಲ್ಲಿ ಟ್ರೈಪಾಡಿಗೆ ಅನುಮತಿ ಬೇಕು, ಹೋಗುವ ಮೊದಲೇ ಮಾಡಿಸಿಕೊಳ್ಳಿ.

ಬೆಳಕಿನ ವಿಷಯದಲ್ಲಿ ನನಗೊಂದು ಪಕ್ಷಪಾತವಿದೆ. ಸೂರ್ಯಾಸ್ತ ನನಗೆ ಬೇಡ. ಮೇ ಕೊನೆಯಲ್ಲಿ ಒಂದು ಮಳೆ ಬಿದ್ದು, ಇನ್ನೊಂದು ಕಪ್ಪಾಗಿ ಕಟ್ಟಿಕೊಂಡು ನಿಂತ ಮಧ್ಯಾಹ್ನ ಬೇಕು. ನೆನೆದ ಜಂಬಿಟ್ಟಿಗೆ ಗೋಡೆ ಆಗ ಕೊಡುವ ಕೆಂಪು ಬೇರೆ ಯಾವಾಗಲೂ ಸಿಗೋದಿಲ್ಲ. ಮೋಡ ತೆಳುವಾಗಿ ಆಕಾಶ ಬಿಳುಚಿಕೊಂಡರೆ ಒಂದೇ ಕ್ಲಿಕ್ಕಿಗೆ ಗೋಡೆ, ಆಕಾಶ ಎರಡೂ ಒಗ್ಗೋದಿಲ್ಲ, ಬೆಳಕು ಹೆಚ್ಚುಕಮ್ಮಿ ಮಾಡಿ ಮೂರು ಎಕ್ಸ್‌ಪೋಷರ್ ತೆಗೆದಿಟ್ಟುಕೊಳ್ಳುತ್ತೇನೆ. ಮಳೆಗಾಲದಲ್ಲಿ ಲೆನ್ಸ್ ಬ್ಯಾಗಿನಲ್ಲೇ ಬಿಟ್ಟರೆ ಫಂಗಸ್ ಗ್ಯಾರಂಟಿ. ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ. ಅದನ್ನು ಕಲಿಯೋಕೆ ನಾನು ಒಂದು ಒಳ್ಳೇ 50 ಎಂಎಂ ಕಳಕೊಂಡೆ.

ಇದೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ನಾನು ಹೇಳಹೊರಟಿದ್ದು ಹೊಸನಗರದ ಕಡೆಯ ಒಂದು ಮನೆಯದು.

ಹಿನ್ನೀರಿನ ದಂಡೆಯಲ್ಲಿ, ದಿಬ್ಬದ ಮೇಲೆ, ಉಪ್ಪರಿಗೆ ಮನೆ. ಮಂಗಳೂರು ಹಂಚು, ಜಗಲಿಗೆ ನಾಲ್ಕು ಕೆತ್ತನೆಯ ಕಂಬ, ಮೇಲೆ ಬೋದಿಗೆ. ಒಂದು ಮಗ್ಗುಲಿನ ಮಾಡು ಸ್ವಲ್ಪ ಕುಸಿದಿತ್ತು. ಮುಂದೆ ನೀರಿಳಿದ ಬಯಲು, ಹಿಂದೆ ಕಾಡು. ಸುತ್ತ ಇನ್ನೊಂದು ಮನೆಯಿಲ್ಲ. ಒಂದು ಪ್ರವಾಸಿ ಪತ್ರಿಕೆಗೆ ಫೋಟೊ ಕೊಡಬೇಕಿತ್ತು. ಬಯಲಿನಲ್ಲಿ ನಿಂತು ಒಂದೂವರೆ ಗಂಟೆ ತೆಗೆದೆ.

ಎಡಗಡೆ ಕರೆಂಟು ಕಂಬ ಇತ್ತು. ಎರಡು ಹೆಜ್ಜೆ ಬಲಕ್ಕೆ ಸರಿದೆ, ಕಂಬ ಮರದ ಹಿಂದಾಯಿತು. ಅಂಗಳದ ತಂತಿಯಲ್ಲಿ ಒಂದು ನೀಲಿ ಸೀರೆ ಒಣಗುತ್ತಿತ್ತು. ಕೆಳಗೆ ಕೂತೆ, ಸೀರೆ ಬೇಲಿಯ ಮರೆಗೆ ಹೋಯಿತು. ಕೊಟ್ಟಿಗೆಯನ್ನು ಕಂಪ್ಯೂಟರಿನಲ್ಲಿ ಕತ್ತರಿಸಿದೆ. ಉಳಿದಿದ್ದು ಬಯಲು, ಮೋಡ, ಒಂಟಿ ಮನೆ. ಚಂದ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಕೆಳಗೆ ಬರೆದು ಕಳಿಸಿದ ಸಾಲೂ ನನ್ನದೇ: ‘ಯಾರೂ ಇಲ್ಲದ ಮನೆ’. ಊರಿನ ಹೆಸರನ್ನೂ ಹಾಕಿದ್ದೆ. ದಣಪೆ ದಾಟಿ ಒಳಗೆ ಹೋಗಲಿಲ್ಲ, ಯಾರನ್ನೂ ಕೇಳಲಿಲ್ಲ. ಸೀರೆ ಕಂಡಿದ್ದ ಮನುಷ್ಯ ನಾನು.

ಒಂದೂವರೆ ತಿಂಗಳಾದ ಮೇಲೆ ಫೋನು. ಆ ಮನೆಯ ಮಗ, ಬೆಂಗಳೂರಿನಲ್ಲಿ ಕೆಲಸ. ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. ‘ನಮ್ಮಮ್ಮ ಅಲ್ಲೇ ಇದ್ದಾರೆ ಸರ್. ನೀವು ಫೋಟೊ ತೆಗೆಯುವಾಗಲೂ ಒಳಗೇ ಇದ್ದರಂತೆ’ ಅಂದರು. ಫೋಟೊ ವಾಟ್ಸಾಪಿನಲ್ಲಿ ನೆಂಟರಿಗೆಲ್ಲ ಹೋಗಿ, ತಾಯಿಯನ್ನು ಬಿಟ್ಟು ಮನೆ ಹಾಳುಬಿಟ್ಟ ಮಗ ಅಂತ ಮಾತು ಬಂದಿತ್ತು. ಅದಕ್ಕಿಂತ ಹೆಚ್ಚಿನದು ಇನ್ನೊಂದು. ಹಳೇ ಮರದ ವ್ಯಾಪಾರದವರು ಎರಡು ಸಲ ಪಿಕಪ್ ತಗೊಂಡು ಬಂದಿದ್ದರು. ನಮ್ಮ ಕಡೆಯ ಹಳೇ ಕಂಬ, ದಾರಂದ, ಬಾಗಿಲುಗಳಿಗೆ ಪೇಟೆಯ ಹೋಟೆಲು, ರೆಸಾರ್ಟುಗಳಲ್ಲಿ ಎಂಥಾ ಗಿರಾಕಿ ಇದೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಎರಡನೇ ಸಲ ಬಂದವರು ಜಗಲಿ ಹತ್ತಿ ಕಂಬಕ್ಕೆ ಟೇಪು ಹಿಡಿದಿದ್ದರಂತೆ.

ಮರುದಿನವೇ ಹೋದೆ, ಕ್ಯಾಮೆರಾ ಇಲ್ಲದೆ. ಅಮ್ಮನಿಗೆ ಎಪ್ಪತ್ತೈದರ ಮೇಲಾಗಿದೆ. ಯಾರು ಅಂತ ಹೇಳಿದ ಮೇಲೂ ‘ಬಾ ತಮ್ಮಾ, ಆಸರಿಗೆ ಎಂತ ಕುಡಿತೆ?’ ಅಂದರು. ನನಗೆ ಮಾತು ಹೊರಡಲಿಲ್ಲ. ಬೆಲ್ಲ, ನೀರು ಮುಂದಿಟ್ಟು ಅವರೇ ಮಾತಾಡಿದರು.

ಅಲ್ಲಿ ಏಳು ಮನೆಯ ಕೇರಿ ಇತ್ತಂತೆ. 1964ರಲ್ಲಿ ಲಿಂಗನಮಕ್ಕಿ ಮುಗಿದು ನೀರು ಬಂದಾಗ ಕೆಳಗಿನ ಆರು ಮುಳುಗಡೆಯಾದವು, ಈ ಮನೆ ದಿಬ್ಬದ ಮೇಲಿತ್ತು ಅಂತ ಉಳಿಯಿತು. ಅವರು ಮದುವೆಯಾಗಿ ಬರುವಾಗಲೇ ನೀರು ಬಂದಾಗಿತ್ತು. ದಿಬ್ಬಣ ಬಂದಿದ್ದು ದೋಣಿಯಲ್ಲಿ. ‘ಮಳೆಗಾಲದಲ್ಲಿ ಬಾ, ಅಂಗಳದ ಕೆಳಗೇ ನೀರು ಇರ್ತದೆ. ಆಗ ತೆಗಿ ಫೋಟೊ’ ಅಂದರು. ಬೇಸಿಗೆಯಲ್ಲಿ ನೀರಿಳಿದರೆ ಆ ಆರು ಮನೆಯವರ ಮಕ್ಕಳು, ಮೊಮ್ಮಕ್ಕಳು ಎಲ್ಲೆಲ್ಲಿಂದಲೋ ಬಂದು ತಮ್ಮ ಮನೆಯ ಮೆಟ್ಟಿಲು, ಬಾವಿಕಟ್ಟೆ ಹುಡುಕಿ ನೋಡಿ, ಇವರ ಜಗಲಿಯಲ್ಲಿ ಊಟ ಮಾಡಿ ಹೋಗುತ್ತಾರೆ. ನಾನು ‘ಯಾರೂ ಇಲ್ಲದ ಮನೆ’ ಅಂದಿದ್ದು ಆ ಜಗಲಿಗೆ.

ಪತ್ರಿಕೆಯವರು ಮುಂದಿನ ಸಂಚಿಕೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿದರು. ಅದನ್ನು ಯಾರು ಓದುತ್ತಾರೆ? ವಾಟ್ಸಾಪಿನಲ್ಲಿ ಹೋದ ಫೋಟೊ ವಾಪಸು ಬರುತ್ತದೆಯೇ?

ಆಮೇಲೆ ನನ್ನ ಕೆಲಸದ ಕ್ರಮ ಬದಲಾಯಿತು. ಮೊದಲ ದಿನ ಕ್ಯಾಮೆರಾ ಒಯ್ಯುವುದಿಲ್ಲ. ಮನೆ ನಿಜವಾಗಿ ಖಾಲಿಯಿದ್ದರೂ ಬೀಗದ ಕೈ ಯಾರ ಹತ್ತಿರವೋ ಇರುತ್ತದೆ, ಗುಡಿಯಾದರೆ ದೀಪಕ್ಕೆ ಎಣ್ಣೆ ಹಾಕುವವರು ಯಾರೋ ಇರುತ್ತಾರೆ, ಅವರನ್ನು ಹುಡುಕುತ್ತೇನೆ. ಇದಕ್ಕೆ ಅರ್ಧ ದಿನ ಹೋಗುತ್ತದೆ, ಬಿಲ್ಲಿನಲ್ಲಿ ಸೇರಿಸುತ್ತೇನೆ, ಕೊಡಲ್ಲ ಅಂದವರ ಕೆಲಸ ಬಿಡುತ್ತೇನೆ. ಫೈಲಿನಲ್ಲಿ ಕೂತಿರುವ ಜಿಪಿಎಸ್ ಅಳಿಸಿಯೇ ಕಳಿಸುತ್ತೇನೆ. ತಾಲ್ಲೂಕಿನ ಹೆಸರು ಸಾಕು, ಊರಿನ ಹೆಸರು ಮನೆಯವರು ಹೂಂ ಅಂದರೆ ಮಾತ್ರ. ಕರೆಂಟು ಕಂಬ ಇದ್ದಲ್ಲೇ ಇರುತ್ತದೆ. ‘ಆ ವೈರ್ ತೆಗೀಬಹುದಿತ್ತಲ್ಲ’ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ.

ಮರುವರ್ಷ ಮೇನಲ್ಲಿ ಅದೇ ಬಯಲಿನಲ್ಲಿ, ಅದೇ ಲೆನ್ಸಿನಲ್ಲಿ, ಎರಡು ಹೆಜ್ಜೆ ಎಡಕ್ಕೆ ನಿಂತು ತೆಗೆದೆ. ಕಂಬ, ತಂತಿ, ಸೀರೆ, ಕೊಟ್ಟಿಗೆ, ಅಂಗಳದಲ್ಲಿ ಒಂದು ಹಂಡಬಂಡ ಬಣ್ಣದ ದನ, ಜಗಲಿಯಲ್ಲಿ ಅಮ್ಮ. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

‘ಚಂದ ಬಂದದೆ. ಆದ್ರೆ ದನದ ಹಿಂಭಾಗ ಎಂತಕ್ಕೆ ತೆಗ್ದೆ ಮಾರಾಯಾ, ಒಂಚೂರು ಕಾದಿದ್ರೆ ಅದೇ ತಿರುಗ್ತಿತ್ತು.’