ಕ್ರಿಸ್ಪರ್ ಹುಡುಕುವ ಸ್ಕ್ರಿಪ್ಟ್, ಮೂರನೇ ವಾರ: ಎಡ ಯಾವುದು ಬಲ ಯಾವುದು

ಕೊನೆಗೂ ಸಿಕ್ತು! ಹೋದ ವಾರವೆಲ್ಲ ಸ್ಕ್ರಿಪ್ಟ್ ಸೊನ್ನೆ ತೋರಿಸುತ್ತಿತ್ತು. ಡೌನ್‌ಲೋಡ್ ಮಾಡಿದ ಫೈಲೇ ಸರಿಯಿಲ್ಲ ಅಂತ ಅದನ್ನು ಬೈದುಕೊಂಡು ಕೂತಿದ್ದೆ. ತಪ್ಪು ನನ್ನದೇ.

ಹೊಸದಾಗಿ ಓದುತ್ತಿರುವವರಿಗೆ ಒಂಚೂರು ಹಿನ್ನೆಲೆ. ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಅಂತ ಮೊಸರು, ಚೀಸ್ ಮಾಡುವ ಬ್ಯಾಕ್ಟೀರಿಯಾ ಇದೆ. ಅದಕ್ಕೂ ವೈರಸ್ ಕಾಟ ಇದೆ, ಆ ವೈರಸ್‌ಗೆ ಫೇಜ್ ಅಂತಾರೆ. ಫೇಜ್ ತನ್ನ ಡಿಎನ್‌ಎಯನ್ನು ಒಳಗೆ ಚುಚ್ಚಿದಾಗ, ಬದುಕಿ ಉಳಿಯುವ ಅಪರೂಪದ ಕೆಲವು ಬ್ಯಾಕ್ಟೀರಿಯಾಗಳು ಅದರಿಂದ ಸುಮಾರು 30 ಅಕ್ಷರದ (ಡಿಎನ್‌ಎ ಬರೆಯುವುದೇ ಎ, ಟಿ, ಜಿ, ಸಿ ಅನ್ನುವ ನಾಲ್ಕು ಅಕ್ಷರದಲ್ಲಿ) ಚೂರೊಂದನ್ನು ಕತ್ತರಿಸಿ ತಮ್ಮ ಜೀನೋಮ್‌ನಲ್ಲೇ ಸೇರಿಸಿಕೊಳ್ಳುತ್ತವೆ. ಆ ಚೂರೇ ಸ್ಪೇಸರ್. ಎರಡು ಸ್ಪೇಸರ್ ನಡುವೆ ಪ್ರತಿ ಸಲ ಅದೇ 36 ಅಕ್ಷರದ ರಿಪೀಟ್. ಈ ಇಡೀ ಸಾಲಿಗೇ ಕ್ರಿಸ್ಪರ್ ಅಂತಾರೆ. ಮುಂದೆ ಅದೇ ಫೇಜ್ ಬಂದರೆ ಸ್ಪೇಸರ್‌ನ ಆರ್‌ಎನ್‌ಎ ನಕಲು ಹಿಡಿದುಕೊಂಡು ಕ್ಯಾಸ್9 ಅನ್ನುವ ಕತ್ತರಿ ಪ್ರೋಟೀನ್ ಹೋಗಿ ಫೇಜ್ ಡಿಎನ್‌ಎಯನ್ನು ಕತ್ತರಿಸುತ್ತದೆ. ಮಕ್ಕಳು ಮೊಮ್ಮಕ್ಕಳಿಗೂ ಇದು ಆಸ್ತಿ ಥರ ಬರುತ್ತದೆ. ಸುಮಾರು 18 ಲಕ್ಷ ಅಕ್ಷರದ ಜೀನೋಮ್‌ನಲ್ಲಿ ಆ ಜಾಗವನ್ನು ನಾನೇ ಬರೆದ ಪೈಥಾನ್ ಕೋಡ್‌ನಿಂದ ಹುಡುಕಬೇಕು, ಅಷ್ಟೇ ಪ್ರಾಜೆಕ್ಟ್. ರೆಡಿಮೇಡ್ ಟೂಲ್ ಇದೆ, ಗೊತ್ತು, ಆದರೆ ಅದರಲ್ಲೇನು ಮಜಾ?

ಆಗಿದ್ದೇನಂದ್ರೆ, ರಿಪೀಟ್ ಶುರುವಾಗುವುದು ಒಂದು ಜಿ, ಐದು ಟಿ, ಆಮೇಲೆ ಜಿಟಿಎಸಿ ಅಂತ. ನಾನು ಅದನ್ನೇ ಹುಡುಕುತ್ತಿದ್ದೆ. ಡಿಎನ್‌ಎಗೆ ಎರಡು ಎಳೆ ಅಲ್ವಾ, ಫೈಲ್‌ನಲ್ಲಿದ್ದದ್ದು ಇನ್ನೊಂದು ಎಳೆ. ಅದರಲ್ಲಿ ಎ ಎದುರು ಟಿ, ಜಿ ಎದುರು ಸಿ, ಓದುವುದೂ ಹಿಂದಿನಿಂದ ಮುಂದಕ್ಕೆ. ಅಲ್ಲಿ ಅದು ತಿರುಗಿ ಜಿಟಿಎಸಿ, ಐದು ಎ, ಕೊನೆಗೊಂದು ಸಿ ಆಗಿ ಕೂತಿತ್ತು. ಎರಡೂ ಕಡೆ ಹುಡುಕುವ ನಾಲ್ಕು ಸಾಲು ಸೇರಿಸಿದೆ, ಒಂದರ ಹಿಂದೆ ಒಂದು ರಿಪೀಟ್ ಉದುರಿದವು.

ಖುಷಿಯಲ್ಲಿ ಸ್ಪೇಸರ್‌ಗಳಿಗೆ ಎಡದಿಂದ 1, 2, 3 ಅಂತ ನಂಬರ್ ಕೊಟ್ಟು, ಒಂದನೆಯದೇ ಹೊಸದು ಅಂತ ಬರೆದಿಟ್ಟೆ. ಯಾಕಂದ್ರೆ ಹೊಸ ಸ್ಪೇಸರ್ ಸಾಮಾನ್ಯವಾಗಿ ಲೀಡರ್ ಅನ್ನುವ ತುದಿಗೇ ಸೇರುತ್ತದೆ. 2007ರಲ್ಲಿ ಡ್ಯಾನಿಸ್ಕೋ ಕಂಪನಿಯ ಬರಾಂಗೂ, ಹೋರ್ವಾತ್ ತಂಡದವರು ಇದೇ ಬ್ಯಾಕ್ಟೀರಿಯಾ ಮೇಲೆ 858, 2972 ಅನ್ನುವ ಫೇಜ್ ಬಿಟ್ಟು ನೋಡಿದಾಗ ಹಾಗೇ ಆಯ್ತು. ಸ್ಪೇಸರ್ ಸೇರಿದ್ದು ಬದುಕಿತು, ಆ ಸ್ಪೇಸರ್ ತೆಗೆದರೆ ರಕ್ಷಣೆ ಹೋಯ್ತು. ನನಗೆ ಇದಕ್ಕಿಂತ ಚೊಕ್ಕವಾದ ಪ್ರಯೋಗ ಗೊತ್ತಿಲ್ಲ.

ಆದರೆ ಒಂದು ವಿಷಯ ಕೊರೆಯುತ್ತಿತ್ತು. ಒಂದೆರಡು ಅಕ್ಷರ ತಪ್ಪಿದ್ದರೂ ಪರವಾಗಿಲ್ಲ ಅಂತ ಕೋಡ್ ಸಡಿಲ ಮಾಡಿದಾಗ ಇನ್ನೊಂದು ರಿಪೀಟ್ ಬಂತು, ಅದೂ ನನ್ನ ಪಟ್ಟಿಯ ತಲೆಯಲ್ಲೇ. ಸವೆದ ರಿಪೀಟ್ ಸಾಮಾನ್ಯವಾಗಿ ಇರುವುದು ಹಳೇ ತುದಿಯಲ್ಲಿ! ಎಳೆ ತಿರುಗಿದ್ದರಿಂದ ಲೀಡರ್ ಬಲಗಡೆ ಹೋಗಿತ್ತು, ನಾನು ಅಜ್ಜನನ್ನು ಮೊಮ್ಮಗ ಅಂತ ಕರೆಯುತ್ತಿದ್ದೆ. ನಂಬರ್ ಎಲ್ಲ ಉಲ್ಟಾ ಮಾಡಿದೆ.

ಮುಂದಿನ ಕೆಲಸ ಪ್ಯಾಮ್, ಅಂದ್ರೆ ಕ್ಯಾಸ್9 ಕತ್ತರಿಸುವ ಮೊದಲು ನೋಡುವ ಪುಟ್ಟ ಗುರುತು. ಫೇಜ್‌ನಲ್ಲಿ ಆ 30 ಅಕ್ಷರದ ಪಕ್ಕ, ಎರಡು ಬಿಟ್ಟು, ಎಜಿಎಎ ಅಂತ ಇರಬೇಕು, ಆಮೇಲೆ ಎ ಅಥವಾ ಟಿ. ಇಲ್ಲದಿದ್ದರೆ ಕ್ಯಾಸ್9 ಮುಟ್ಟುವುದಿಲ್ಲ. ಬ್ಯಾಕ್ಟೀರಿಯಾದ ಸ್ವಂತ ಪಟ್ಟಿಯಲ್ಲಿ ಆ ಜಾಗದಲ್ಲಿರುವುದು ರಿಪೀಟ್‌ನ ಟಿಗಳ ಸಾಲು, ಹಾಗಾಗಿ ತನ್ನನ್ನೇ ಕತ್ತರಿಸಿಕೊಳ್ಳುವುದಿಲ್ಲ. ಫೇಜ್ ಕೂಡ ಸುಮ್ನೆ ಕೂರಲ್ಲ, ಅಲ್ಲೊಂದು ಅಕ್ಷರ ಬದಲಾಯಿಸಿ ತಪ್ಪಿಸಿಕೊಳ್ಳುತ್ತದೆ. ಆ ಬದಲಾವಣೆ ಯಾವ ಜಾಗದಲ್ಲಿ ಅಂತ ಪ್ರಿಂಟ್ ಮಾಡುವ ಫಂಕ್ಷನ್ ಅರ್ಧ ಆಗಿದೆ. ಅದರಲ್ಲಿ ಎರಡೂ ಎಳೆ ಮೊದಲೇ ಸೇರಿಸಿದ್ದೇನೆ.