ಯಾವ ಬಾಗಿಲಿನಿಂದ ಒಳಗೆ ಬರಲಿ?

ಆಗಸ್ಟ್ 11, 2024, ಭಾನುವಾರ
ಶಿವಮೊಗ್ಗ

ಬೆಳಿಗ್ಗೆ ಏಳಕ್ಕೆ ಪುಟ್ಟಿಯ ಕರೆ. ಟೊರಾಂಟೊದಲ್ಲಿ ಆಗಿನ್ನೂ ಶನಿವಾರ ರಾತ್ರಿ ಒಂಬತ್ತೂವರೆ. ಪಂಚಮಿಯ ತಂಬಿಟ್ಟು ಇನ್ನೂ ಎರಡು ಉಳಿದಿದೆ ಎಂದು ಹೇಳಬೇಕೆಂದಿದ್ದೆ. ಅವಳು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

"ಚಿಕ್ಕಮ್ಮ, ಆಟದೊಳಗೆ ಬಂದಿದ್ದೇನೆ. ದೊಡ್ಡದೊಂದು ಮೊಗಸಾಲೆ, ಎಲ್ಲಿ ನೋಡಿದರೂ ದ್ವಾರಗಳು. ಯಾವುದರೊಳಗೆ ಹೋಗಲಿ?"

ಈ ಪ್ರಶ್ನೆಗೆ ನಾನು ಎಷ್ಟು ವರ್ಷಗಳಿಂದ ಕಾದಿದ್ದೆನೋ. ಕಾಫಿಯ ಲೋಟ ಬದಿಗಿಟ್ಟು ನೆಟ್ಟಗೆ ಕುಳಿತೆ.

ಆಟದ ಹೆಸರು ದಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್, ಹಲವರು ಅಂತರ್ಜಾಲದಲ್ಲಿ ಒಟ್ಟಿಗೆ ಆಡುವ ಕಲ್ಪನೆಯ ಲೋಕ. ಅದು ಬಂದದ್ದು 2014ರಲ್ಲಿ. ಮೂಲ ಕಥೆಯ ಮೇಲೆ 2017ರಿಂದ ವರ್ಷಕ್ಕೊಂದರಂತೆ ಅಧ್ಯಾಯಗಳು ಬಂದಿವೆ: ಮಾರೋವಿಂಡ್‌ನಿಂದ ಹಿಡಿದು ಈ ಜೂನ್‌ನ ಗೋಲ್ಡ್ ರೋಡ್‌ವರೆಗೆ ಎಂಟು. ಮೊದಮೊದಲು ಆಯ್ಕೆಯ ತಲೆನೋವು ಅಷ್ಟಿರಲಿಲ್ಲ. ಮೂರು ಒಕ್ಕೂಟಗಳಲ್ಲಿ ಒಂದನ್ನು ಹಿಡಿದರೆ ಅದರ ನಾಡುಗಳಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಏರಬೇಕಿತ್ತು. 2016ರ ಅಕ್ಟೋಬರ್‌ನಲ್ಲಿ ಆ ಬೇಲಿ ಕಿತ್ತರು. ಅಂದಿನಿಂದ ಎಲ್ಲಿ ಕಾಲಿಟ್ಟರೂ ಶತ್ರುವಿನ ಬಲಕ್ಕೆ ನಮ್ಮ ಬಲ ಹೊಂದಿಕೊಳ್ಳುತ್ತದೆ. ಹೊಸಬಳು ಎಂಟನೆಯ ಅಧ್ಯಾಯದಿಂದಲೂ ಶುರು ಮಾಡಬಹುದು, ಸಾಯುವುದಿಲ್ಲ. ಹಾಗಾಗಿ ಈಗ ಉಳಿದಿರುವುದು ಕಥೆಯ ಪ್ರಶ್ನೆಯೊಂದೇ. ಅದರಲ್ಲಿ ನನ್ನ ಹಟ ಮನೆಯವರಿಗೆಲ್ಲ ಗೊತ್ತು.

ಹೇಳಿದೆ, ಹಳೆಯದರಿಂದ ಶುರು ಮಾಡು. ಯಾಕೆಂದು ರಜುಮ್‌ದಾರ್‌ನ ಕಥೆ ಹೇಳಿ ವಿವರಿಸಿದೆ.

ನಾನು ಒಳಗೆ ಬಂದದ್ದು 2018ರಲ್ಲಿ, ಆಗಿನ ಹೊಸ ಅಧ್ಯಾಯವಾದ ಸಮ್ಮರ್‌ಸೆಟ್‌ನಿಂದ. ಶಿಮರೀನ್ ಬಂದರಿನಲ್ಲಿ ಇಳಿದರೆ ಬೆಕ್ಕಿನ ಮೋರೆಯ ಒಬ್ಬ ಎದುರಾಗುತ್ತಾನೆ, ಅವನೇ ರಜುಮ್‌ದಾರ್. ರಾಣಿ ಐರೆನ್‌ಳ ಗೂಢಚಾರ. 'ನಾನು' ಎನ್ನಬೇಕಾದಲ್ಲಿ ತನ್ನ ಹೆಸರನ್ನೇ ಹೇಳಿಕೊಂಡು ಮಾತಾಡುತ್ತಾನೆ. ಅವನು ತನ್ನ ಪರಿಚಯ ಹೇಳಿಕೊಂಡ, ಕೆಲಸ ವಹಿಸಿದ, ನಾನು ಮುಂದೆ ಹೋದೆ. ಎರಡು ವರ್ಷದ ಮೇಲೆ ಇನ್ನೊಂದು ಪಾತ್ರ ಮಾಡಿ ಈ ಸಲ ಹಳೆಯ ಕಥೆಯ ಖೆನಾರ್ಥಿ ಎಂಬ ಪುಟ್ಟ ದ್ವೀಪದಿಂದ ಹೊರಟೆ. ಅಲ್ಲಿಯೂ ಅವನೇ. ಔರಿಡಾನ್‌ನಲ್ಲಿ ಅವನೇ, ಅದರಾಚೆಯ ಕಾಡುಗಳಲ್ಲೂ ಅವನೇ. ತಿಂಗಳುಗಟ್ಟಲೆ ಆಡಿ ಕೊನೆಗೆ ಶಿಮರೀನ್‌ಗೆ ಬಂದಾಗ ಅವನು ಪರಿಚಯ ಹೇಳಿಕೊಳ್ಳಲಿಲ್ಲ. ಹಳೆಯ ಗೆಳತಿ ಸಿಕ್ಕಳೆಂಬಂತೆ ಮಾತಾಡಿದ. ಅದೇ ಬಂದರು, ಅದೇ ದನಿ, ಮಾತು ಮಾತ್ರ ಬೇರೆ. ಆ ರಾತ್ರಿ ನಾನು ಅತ್ತದ್ದನ್ನು ಪುಟ್ಟಿಗೆ ಮೊದಲ ಬಾರಿ ಹೇಳಿದೆ.

"ಮೊದಲು ವಲ್ಖೆಲ್ ಗಾರ್ಡ್ ಊರಿಗೆ ಹೋಗು," ಎಂದೆ. "ಅಲ್ಲಿ ಮುಸುಕು ಹಾಕಿಕೊಂಡ ಒಬ್ಬರು ನಿಂತಿರುತ್ತಾರೆ. ಮಾತಾಡಿಸಿದರೆ ಮೂಲ ಕಥೆ ತೆರೆಯುತ್ತದೆ. ಸೆರೆಮನೆಯಲ್ಲಿ ಕಣ್ಣು ಕಾಣದ ಮುದುಕನೊಬ್ಬ ಸಿಗುತ್ತಾನೆ. ಅವನ ದನಿ ನಟ ಮೈಕೆಲ್ ಗ್ಯಾಂಬನ್ ಅವರದು. ಅವರು ಹೋದ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಆ ದನಿ ಕೇಳದೆ ಮುಂದೆ ಹೋಗಬೇಡ."

ಆ ಕಡೆ ಸ್ವಲ್ಪ ಹೊತ್ತು ಮೌನ.

"ಚಿಕ್ಕಮ್ಮ, ಆಫೀಸಿನ ಇಬ್ಬರು ಈಗ ಗೋಲ್ಡ್ ರೋಡ್ ಆಡುತ್ತಿದ್ದಾರೆ. ಅದರ ಸ್ಕಿಂಗ್ರಾಡ್ ಊರಿನಲ್ಲಿ ಕಾಯುತ್ತೇವೆ, ಬಾ ಎಂದಿದ್ದಾರೆ. ಈ ಊರಿಗೆ ಬಂದು ಏಳು ತಿಂಗಳಲ್ಲಿ ನನ್ನನ್ನು ಯಾರಾದರೂ ಯಾವುದಕ್ಕಾದರೂ ಕರೆದದ್ದು ಇದೇ ಮೊದಲು."

"ಆದರೆ ಕಥೆ..."

"ಕಥೆ ಎಲ್ಲಿಗೂ ಹೋಗುವುದಿಲ್ಲ. ಇವರು ಹೋಗಿಬಿಡುತ್ತಾರೆ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮತ್ತೆ ಮಾಡುತ್ತೇನೆ ಎಂದು ಅವಳು ಫೋನ್ ಇಟ್ಟಳು.

ಮಧ್ಯಾಹ್ನ ಮಳೆ ಜೋರಾಗಿ ಕರೆಂಟು ಹೋಯಿತು. ಬಂದ ಮೇಲೆ ಆಟ ತೆರೆದು ಗೆಳೆಯರ ಪಟ್ಟಿ ನೋಡಿದೆ. ಸಮ್ಮರ್‌ಸೆಟ್‌ಗೆ ನಾವು ಐವರು ಒಟ್ಟಿಗೆ ಇಳಿದಿದ್ದೆವು. ನನ್ನನ್ನು ಬಿಟ್ಟು ನಾಲ್ಕು ಹೆಸರುಗಳೂ ಬೂದು ಬಣ್ಣದಲ್ಲಿವೆ. ಅವರಲ್ಲಿ ಕೊನೆಯದಾಗಿ ಬಂದುಹೋದವರೂ ಬಂದು ಮೂರು ವರ್ಷ ಮೀರಿದೆ. ನಾನು ಅವರನ್ನು ಮುಂದೆ ಕಳುಹಿಸಿ, ಕ್ರಮ ತಪ್ಪಬಾರದೆಂದು ಹಿಂದಿನ ಅಧ್ಯಾಯಗಳಿಗೆ ಮರಳಿದ್ದೆ. ಸಮ್ಮರ್‌ಸೆಟ್‌ನ ಮುಂದಿನ ಅಧ್ಯಾಯ, ಡ್ರ್ಯಾಗನ್‌ಗಳ ಎಲ್ಸ್‌ವೇರ್‌ಗೆ ಬರುವ ಹೊತ್ತಿಗೆ ಅಲ್ಲಿ ನನ್ನವರು ಯಾರೂ ಇರಲಿಲ್ಲ. ರಜುಮ್‌ದಾರ್ ನೆನಪಿಟ್ಟುಕೊಂಡದ್ದು ನಿಜ. ಅವನು ಆ ಬಂದರಿನಲ್ಲಿ ಇವತ್ತಿಗೂ ನಿಂತೇ ಇದ್ದಾನೆ, ಯಾರು ಯಾವಾಗ ಬಂದರೂ ಸಿಗುತ್ತಾನೆ. ಸೌಮ್ಯವಾಗಿ ಬೈಯುತ್ತಿದ್ದ ಆ ಕೊಯಮತ್ತೂರಿನ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು.

ಬೆಳಗಿನ ಮಾತಿನಲ್ಲಿ ನಾನು ಕೇಳಲಾಗದೆ ಬಿಟ್ಟ ಇನ್ನೊಂದು ವಿಷಯವಿತ್ತು. ಸಂಜೆ ಸಂದೇಶ ಕಳುಹಿಸಿ ಕೇಳಿದೆ: ಯಾವ ಸರ್ವರ್? ಉತ್ತರ ಅಮೆರಿಕದ್ದು, ಎಂದಳು. ಗೊತ್ತೇ ಇತ್ತು. ನಮ್ಮ ದೇಶದಲ್ಲಿ ಈ ಆಟಕ್ಕೆ ಸರ್ವರ್ ಇಲ್ಲ, ನಾನಿರುವುದು ಯುರೋಪಿನದ್ದರಲ್ಲಿ. ಒಂದರ ಪಾತ್ರ ಇನ್ನೊಂದಕ್ಕೆ ದಾಟುವುದಿಲ್ಲ. ಆರು ವರ್ಷ ಕಟ್ಟಿದ ನನ್ನ ಮನೆ, ಕುದುರೆ, ಕಲಿತ ವಿದ್ಯೆ ಯಾವುದೂ ಅವಳ ಪಕ್ಕದಲ್ಲಿ ನಿಲ್ಲಲಾರವು. ಅವಳಿಗೆ ಮೊದಲ ಕತ್ತಿ ನಾನೇ ಮಾಡಿಕೊಡಬೇಕೆಂದು ಎರಡು ತಿಂಗಳಿಂದ ಲೋಹ ಕೂಡಿಟ್ಟಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

ಈಗ ರಾತ್ರಿ ಹತ್ತು. ಅಕ್ಕ ಫೋನ್ ಮಾಡಿ, ಮಗಳು ಇವತ್ತು ಬಹಳ ಖುಷಿಯಾಗಿದ್ದಳು, ಏನು ವಿಷಯ ಎಂದು ಕೇಳಿದಳು. ಗೆಳೆಯರು ಸಿಕ್ಕಿದ್ದಾರೆ ಎಂದೆ.

ಊಟ ಮುಗಿಸಿ ಬಂದು, ಮೊದಲ ಬಾರಿಗೆ ಉತ್ತರ ಅಮೆರಿಕದ ಸರ್ವರ್ ಆರಿಸಿ ಹೊಸ ಪಾತ್ರ ಮಾಡಿದೆ. ಬಾಣ ಬಿಟ್ಟರೆ ಅರೆಗಳಿಗೆ ತಡವಾಗಿ ತಾಗುತ್ತಿದೆ. ಕೈಯಲ್ಲಿ ಕಾಸಿಲ್ಲ, ಕಾಲಿಗೆ ಸಾದಾ ಚರ್ಮದ ಜೋಡು. ಬಾಲ್ಫಿಯೆರಾದ ಆರಂಭದ ಪಾಠ ಮುಗಿಸಿ, ಬೆಳಿಗ್ಗೆ ಅವಳು ನಿಂತಿದ್ದ ಅದೇ ಮೊಗಸಾಲೆಯಲ್ಲಿ ಈಗ ನಾನು ನಿಂತಿದ್ದೇನೆ. ಗೋಲ್ಡ್ ರೋಡ್ ನಾನಿನ್ನೂ ಕೊಂಡೂ ಇಲ್ಲ. ಪುಟ್ಟಿಯ ಊರಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಎದ್ದಿರುತ್ತಾಳೆ. ನಾನೂ ಸ್ಕಿಂಗ್ರಾಡ್‌ಗೆ ಬರಲೇ ಎಂದು ಕೇಳಿದರೆ ಅವಳ ಗೆಳೆಯರ ನಡುವೆ ಈ ಚಿಕ್ಕಮ್ಮ ಏನು ಮಾಡುತ್ತಾಳೆ ಎನ್ನಬಹುದು. ಕೇಳದೆ ಖೆನಾರ್ಥಿಗೆ ಹೋಗಿ ನಿಂತರೆ, ಎಂದಾದರೂ ಒಂದು ದಿನ ಅವಳೇ ಹಿಂದಕ್ಕೆ ಬಂದಾಗ