ಬಲಗಡೆ ಐದೂ ಸಾಲು ಸೊನ್ನೆ

ಶಿವಮೊಗ್ಗದ ಒಂದು ಷೇರು ಬ್ರೋಕರ್ ಕಚೇರಿ, ಗ್ರಾಹಕರ ಆರ್ಡರ್ ಹಾಕುವ ಡೀಲಿಂಗ್ ಟೇಬಲ್. 9:40ಕ್ಕೆ ಅಡಿಕೆ ಮಂಡಿಯ ಹಿರಿಯ ಗ್ರಾಹಕರೊಬ್ಬರ ಫೋನು: "ತಮ್ಮಾ, ಆ ಷೇರು ಇವತ್ತು ಬೀಳುತ್ತೆ. 500 ಮಾರಿಬಿಡು, ಸಂಜೆಯೊಳಗೆ ವಾಪಸ್ ತಗೊಳ್ಳೋಣ." ಅವರ ಡಿಮ್ಯಾಟ್‌ನಲ್ಲಿ, ಅಂದರೆ ಷೇರು ಇಡುವ ಖಾತೆಯಲ್ಲಿ, ಅದು ಒಂದೂ ಇಲ್ಲ. 3:30ರೊಳಗೆ ಕೊಂಡು ಸರಿದೂಗಿಸಿದರೆ ಲೆಕ್ಕ ಅಂದೇ ಮುಗಿಯುತ್ತದೆ. 203ಕ್ಕೆ ಮಾರಾಟವಾಯಿತು. ಹಿಂದಿನ ದಿನದ ಮುಕ್ತಾಯ ದರ 200, ಪ್ರೈಸ್ ಬ್ಯಾಂಡ್, ಅಂದರೆ ದಿನವೊಂದಕ್ಕೆ ದರ ಏರಿಳಿಯಬಹುದಾದ ಮಿತಿ, ಶೇ. 5. ಅದನ್ನು ನೋಡದೆ ಆರ್ಡರ್ ಒತ್ತಿದ್ದು ನಮ್ಮ ಟೇಬಲ್ಲಿನದೇ ತಪ್ಪು.

11:20ಕ್ಕೆ ದರ 210 ಮುಟ್ಟಿತು, ಅಪ್ಪರ್ ಸರ್ಕ್ಯೂಟ್: ಅಂದು ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಕೊಳ್ಳುವ, ಮಾರುವ ಆರ್ಡರ್‌ಗಳನ್ನು ತೋರಿಸುವ ಮಾರ್ಕೆಟ್ ಡೆಪ್ತ್ ಕಿಟಕಿಯ ಎಡಗಡೆ 1,40,000 ಷೇರು ಬೇಕೆನ್ನುವವರು. ಬಲಗಡೆ, ಮಾರುವವರ ಕಡೆ, ಐದೂ ಸಾಲು ಸೊನ್ನೆ. ಕೊಳ್ಳುವ ಆರ್ಡರ್ ಹಾಕಿದೆವು. ಆದರೆ ಎಕ್ಸ್‌ಚೇಂಜಿನ ಕಂಪ್ಯೂಟರು ಮೊದಲು ದರ ನೋಡುತ್ತದೆ, ದರ ಒಂದೇ ಆದರೆ ಹೊತ್ತು ನೋಡುತ್ತದೆ. 210ಕ್ಕಿಂತ ಹೆಚ್ಚು ಕೊಡುತ್ತೇನೆಂದರೂ ಆರ್ಡರ್ ತಿರಸ್ಕೃತ. ಹಾಗಾಗಿ ನಮ್ಮ 500 ಸಾಲಿನ ತುದಿಯಲ್ಲೇ ನಿಂತಿತು. 3:15ರ ಹೊತ್ತಿಗೆ ತಾನಾಗಿ ಸ್ಕ್ವೇರ್ ಆಫ್ ಮಾಡುವ, ಅಂದರೆ ಮಾರಿದ್ದನ್ನು ಕೊಂಡು ಸರಿದೂಗಿಸುವ, ವ್ಯವಸ್ಥೆಯೂ ಅದೇ ಸಾಲು ಸೇರಬೇಕು. ಮಾರುವವರಿಲ್ಲದಿದ್ದರೆ ಅದೇನು ಮಾಡೀತು?

"ನಾಳೆ ಬೆಳಿಗ್ಗೆ ತಗೊಂಡು ಕೊಡೋಣ ಬಿಡು" ಅಂದರು ಗ್ರಾಹಕರು. ಮಂಡಿಯಲ್ಲಿ ನಡೆಯುವ ಮಾತು, ಇಲ್ಲಿ ನಡೆಯದು. 2023ರ ಜನವರಿಯಿಂದ ಎಲ್ಲ ಷೇರುಗಳಿಗೂ ಟಿ+1: ಇವತ್ತು ಮಾರಿದ್ದನ್ನು ನಾಳೆಯೇ ಒಪ್ಪಿಸಬೇಕು. ನಾಳೆ ಕೊಂಡದ್ದು ಕೈಗೆ ಬರುವುದು ನಾಡಿದ್ದು. ಉಳಿದ ದಾರಿ ಒಂದೇ, ಮನೆಯವರ ಡಿಮ್ಯಾಟ್‌ನಲ್ಲಿ ಅದೇ ಷೇರಿದ್ದರೆ ರಾತ್ರಿಯೊಳಗೆ ವರ್ಗಾಯಿಸಿಕೊಳ್ಳುವುದು. ಅವರ ಮನೆಯಲ್ಲಿ ಯಾರ ಬಳಿಯೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಆ 500 ಷೇರು ಹರಾಜಿಗೆ ಹೋಯಿತು. ಕೊಂಡವರಿಗೆ ಷೇರು ಸಿಗಲೇಬೇಕೆಂದು ಎಕ್ಸ್‌ಚೇಂಜ್ ಬೇರೆಯವರಿಂದ ಕೊಳ್ಳುತ್ತದೆ, ಖರ್ಚು ಷೇರು ಒಪ್ಪಿಸದವರ ತಲೆಗೆ. ಇಲ್ಲಿ ಶೇ. 5ರ ಮಿತಿ ಇಲ್ಲ; ಹಿಂದಿನ ದಿನದ ಮುಕ್ತಾಯ ದರ 210ರ ಮೇಲೆ ಶೇ. 20, ಅಂದರೆ 252ರವರೆಗೂ ಕೇಳಬಹುದು. ಕೊಳ್ಳುವವರಿಗೆ ಬೇರೆ ಗತಿಯಿಲ್ಲವೆಂದು ಮಾರುವವರಿಗೆ ಗೊತ್ತು. 238ಕ್ಕೆ ಸಿಕ್ಕಿತು. ಹರಾಜಿನಲ್ಲೂ ಸಿಗದಿದ್ದರೆ ಕ್ಲೋಸ್ ಔಟ್, ಹಣದಲ್ಲೇ ತೀರುವೆ. ಅದು ಇನ್ನೂ ದುಬಾರಿಯಾಗಬಹುದು.

11 ಗಂಟೆಗೆ, ದರ 207ರಲ್ಲಿದ್ದಾಗಲೇ ಬಿಡಿಸಿಕೊಂಡಿದ್ದರೆ ನಷ್ಟ 2,000 ರೂಪಾಯಿ. ಲೆಡ್ಜರಿನಲ್ಲಿ ಬಿದ್ದದ್ದು 17,500, ಶುಲ್ಕ ಬೇರೆ.